ಬೆನ್ನು ನೆಲಕ್ಕೆ ತಾಗಿದ ಮೇಲೆ

ನಮ್ಮ ಗರಡಿಮನೆಯ ಕುಸ್ತಿಯಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಆಟ ಮುಗಿಯಿತು. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಅಸಲಿ ಆಟ ಶುರುವಾಗುವುದೇ ಅಲ್ಲಿಂದ. ಕೆಳಗೆ ಬಿದ್ದವನು ಎದುರಾಳಿಯ ಸೊಂಟವನ್ನು ಎರಡೂ ಕಾಲುಗಳಿಂದ ಬಿಗಿದು, ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರೆ ಮೇಲಿದ್ದವನಿಗೆ ಕೈ ಬೀಸಲು ಜಾಗವೇ ಇರುವುದಿಲ್ಲ. ಗುದ್ದಿಗೆ ಬಲ ಬರುವುದು ಅಂತರದಿಂದ. ಆ ಅಂತರವನ್ನೇ ಕಸಿದುಕೊಳ್ಳುವುದು ಈ ವಿದ್ಯೆಯ ಮೊದಲ ಪಾಠ. ಆಮೇಲೆ ಹಂತಹಂತವಾಗಿ ಅವನ ಬೆನ್ನ ಹಿಂದೆ ಸರಿದು, ಕತ್ತಿಗೆ ತೋಳು ಸುತ್ತುವುದು. ಮೊಣಕೈ ಗದ್ದದ ನೇರಕ್ಕೆ ಬಂದರೆ ಕತ್ತಿನ ಎರಡೂ ಬದಿಯ ರಕ್ತನಾಳಗಳು ಒತ್ತಿಹೋಗಿ, ಎಂಥ ಗಟ್ಟಿಗನಿಗೂ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಬಡಕಲು ಆಳು ದಾಂಡಿಗನನ್ನು ಮಣಿಸುವ ವಿದ್ಯೆ ಎಂಬ ಹೊಗಳಿಕೆ ಹುಟ್ಟಿದ್ದು ಹೀಗೆ. ಅದು ಅರ್ಧ ಮಾತ್ರ ನಿಜ. ಇದರ ಶಕ್ತಿ ಇರುವುದು ಪಟ್ಟುಗಳಿಗಿಂತ ಹೆಚ್ಚಾಗಿ ತಾಲೀಮಿನ ಕ್ರಮದಲ್ಲಿ.

ಆ ಕ್ರಮ ಬಂದದ್ದು ಜಪಾನಿನಿಂದ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದ ಜಿಗೊರೊ ಕಾನೊ, ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಬದಿಗಿರಿಸಿ, ಉಳಿದವನ್ನು ಬಗ್ಗದ ಎದುರಾಳಿಯ ಮೇಲೆ ಪ್ರಯೋಗಿಸುವ ಮುಕ್ತ ಅಭ್ಯಾಸಕ್ಕೆ ಒತ್ತು ಕೊಟ್ಟರು. ಅದೇ ಜೂಡೊ. ಸಿಕ್ಕಿಬಿದ್ದವನು ಕೈತಟ್ಟಿದರೆ ಹಿಡಿತ ಬಿಡಬೇಕೆಂಬ ನಿಯಮದಿಂದಾಗಿ ಗಾಯದ ಭಯವಿಲ್ಲದೆ ದಿನವೂ ಶಕ್ತಿಮೀರಿ ಸೆಣಸಬಹುದು. ಕಾನೊ ಅವರ ಶಾಲೆಯ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಬೆಲೆಂ ನಗರದಲ್ಲಿ ನೆಲೆಸಿದರು. ಅಲ್ಲಿ ಕಲಿತ ಕಾರ್ಲೋಸ್ ಗ್ರೇಸಿ ಮತ್ತು ಅವರ ತಮ್ಮ ಎಲಿಯೊ ನೆಲದ ಮೇಲಿನ ಕಾಳಗವನ್ನೇ ಬೆಳೆಸಿದರು; ಅದೇ ಬ್ರೆಜಿಲಿಯನ್ ಜಿಯು-ಜಿತ್ಸು ಆಯಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಬೇರೆಬೇರೆ ಕಾಳಗ ವಿದ್ಯೆಗಳವರು ಮುಖಾಮುಖಿಯಾಗುವ ಯುಎಫ್‌ಸಿಯ ಮೊದಲ ಸ್ಪರ್ಧೆಯಲ್ಲಿ ಎಲಿಯೊರ ಮಗ ರಾಯ್ಸ್, ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಆ ಸ್ಪರ್ಧೆಯ ಸಂಘಟಕರಲ್ಲಿ ಅವರ ಅಣ್ಣನೇ ಇದ್ದರೆಂಬ ಆಕ್ಷೇಪ ಸರಿಯೇ. ಆದರೂ ಆ ಮೂವರಲ್ಲಿ ಒಬ್ಬನಾದ, ನೆಲದ ಮೇಲೆ ಸೆಣಸಿ ಅಭ್ಯಾಸವಿಲ್ಲದ ಬಾಕ್ಸರ್ ಅಲ್ಲಿ ಕೈಚೆಲ್ಲಿದ್ದಂತೂ ಸುಳ್ಳಲ್ಲ.

ಹಾಗಾದರೆ ಮೈಬಲಕ್ಕೆ ಬೆಲೆ ಇಲ್ಲವೇ? 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜೂಡೊ ಪಟು ಮಸಾಹಿಕೊ ಕಿಮುರಾ, ತನಗಿಂತ ಬಹಳ ಹಗುರವಾಗಿದ್ದ ಎಲಿಯೊರ ತೋಳು ಮುರಿದರು. ಎಲಿಯೊ ಕೈತಟ್ಟಲಿಲ್ಲ, ಅಣ್ಣ ಕಾರ್ಲೋಸ್ ಸೋಲೊಪ್ಪಿ ಟವೆಲ್ ಎಸೆಯಬೇಕಾಯಿತು. ಇಬ್ಬರಿಗೂ ವಿದ್ಯೆ ಗೊತ್ತಿದ್ದರೆ ತೂಕ ತನ್ನ ಮಾತು ಹೇಳಿಯೇ ಹೇಳುತ್ತದೆ. ಬೀದಿಯಲ್ಲಿ ನಾಲ್ವರು ಮುತ್ತಿದಾಗ, ಚಾಕು ಹೊರಬಂದಾಗ ಒಬ್ಬನನ್ನು ತಬ್ಬಿ ಡಾಂಬರಿನ ಮೇಲೆ ಮಲಗುವುದು ಆತ್ಮಹತ್ಯೆ. ಅಲ್ಲಿ ಓಡುವುದೇ ಜಾಣತನ. ಒಬ್ಬನೇ ಮೈಮೇಲೆ ಬಿದ್ದು ಅದುಮಿ ಹಿಡಿದಾಗ ಮಾತ್ರ, ಗಾಬರಿಯಾಗದೆ ಬಿಡಿಸಿಕೊಂಡು ಏಳುವುದನ್ನು ಇಷ್ಟು ಚೆನ್ನಾಗಿ ಕಲಿಸುವ ವಿದ್ಯೆಗಳು ಕಡಿಮೆ. ತರಗತಿಗೆ ಸೇರುವ ಮನಸ್ಸಿದ್ದರೆ ಗುರುಗಳ ಬೆಲ್ಟಿನ ಬಣ್ಣದ ಜೊತೆಗೆ, ಅಲ್ಲಿ ಶಿಷ್ಯರು ನಿಜವಾಗಿ ಸೆಣಸುತ್ತಾರೆಯೇ ಎಂಬುದನ್ನೂ ಒಂದು ಸಂಜೆ ಕೂತು ನೋಡಿ ಬನ್ನಿ.