ಒಂದು ಘಟನೆ, ಎರಡು ವಿವರಣೆ: ವ್ಯವಹಾರ ಪ್ರಕರಣಗಳನ್ನು ಓದುವ ಬಗೆ

ವೈದ್ಯಕೀಯ ವಿದ್ಯಾರ್ಥಿಯು ಗ್ರಂಥಗಳನ್ನು ಎಷ್ಟೇ ಕಂಠಪಾಠ ಮಾಡಿದ್ದರೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಲ್ಲದೆ ವೈದ್ಯನಾಗಲಾರನು. ರೋಗಿಯು ರೋಗದ ಹೆಸರನ್ನು ಹೇಳುವುದಿಲ್ಲ, ನೋವನ್ನು ಮಾತ್ರ ಹೇಳುತ್ತಾನೆ. ಅದರಿಂದ ರೋಗವನ್ನು ಊಹಿಸಿ, ಊಹೆಯನ್ನು ಪರೀಕ್ಷಿಸಿ, ಚಿಕಿತ್ಸೆಯನ್ನು ನಿಶ್ಚಯಿಸುವುದು ವೈದ್ಯನ ಹೊಣೆ. ಉದ್ಯಮ ನಿರ್ವಹಣೆಯನ್ನೂ ಇದೇ ಕ್ರಮದಲ್ಲಿ ಕಲಿಸಬಹುದು ಎಂಬ ವಿಚಾರವೇ ಪ್ರಕರಣ ಪದ್ಧತಿಗೆ ಆಧಾರವಾಗಿದೆ.

ಈ ಪದ್ಧತಿಯ ಮೂಲ ಕಾನೂನು ಶಿಕ್ಷಣದಲ್ಲಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1870ರಲ್ಲಿ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಎಂಬ ಪ್ರಾಧ್ಯಾಪಕರು ನ್ಯಾಯಾಲಯಗಳ ತೀರ್ಪುಗಳನ್ನೇ ಪಠ್ಯವನ್ನಾಗಿ ಮಾಡಿಕೊಂಡು ಪಾಠ ಹೇಳತೊಡಗಿದರು. ಅಲ್ಲಿಯೇ 1908ರಲ್ಲಿ ವ್ಯವಹಾರ ಶಾಲೆಯೊಂದು ಸ್ಥಾಪಿತವಾಯಿತು. ಕಾನೂನು ಓದಿದ್ದ ವ್ಯಾಲೇಸ್ ಡೋನಮ್ ಅವರು ಅದರ ಮುಖ್ಯಸ್ಥರಾಗಿದ್ದಾಗ, 1921ರಲ್ಲಿ, ಪಾದರಕ್ಷೆಯ ಕಂಪನಿಯೊಂದನ್ನು ಕುರಿತ ಒಂದೇ ಪುಟದ ಪ್ರಕರಣವು ರಚಿತವಾಯಿತು. ಭಾರತದಲ್ಲಿ ಹಾರ್ವರ್ಡಿನ ಸಹಕಾರದೊಡನೆ 1961ರಲ್ಲಿ ಆರಂಭವಾದ ಅಹಮದಾಬಾದಿನ ನಿರ್ವಹಣ ಸಂಸ್ಥೆಯು ಇದೇ ಪದ್ಧತಿಯನ್ನು ಕೈಗೊಂಡಿತು. ಈಗ ಸಲಹಾ ಸಂಸ್ಥೆಗಳು ಉದ್ಯೋಗಾರ್ಥಿಯ ಸಂದರ್ಶನದಲ್ಲಿಯೂ ಇಂಥ ಒಂದು ಸಮಸ್ಯೆಯನ್ನು ಮುಂದಿಟ್ಟು, ಅವನ ಆಲೋಚನೆಯ ಕ್ರಮವನ್ನು ಪರೀಕ್ಷಿಸುತ್ತವೆ.

ಪ್ರಕರಣವೆಂದರೆ ಒಂದು ಸಂಸ್ಥೆಯು ನಿರ್ಧಾರವೊಂದರ ಮುಂದೆ ನಿಂತಿರುವ ಸನ್ನಿವೇಶದ ವರ್ಣನೆ. ಅದರಲ್ಲಿ ಬೇಕಾದ ಸಂಗತಿಗಳೂ ಇರುತ್ತವೆ, ಬೇಡವಾದವೂ ಇರುತ್ತವೆ. ಅತ್ಯವಶ್ಯವಾದ ಕೆಲವು ಇಲ್ಲದೆಯೂ ಹೋಗಬಹುದು. ಇದನ್ನು ಗಣಿತದ ಲೆಕ್ಕದಂತೆ ಬಿಡಿಸಹೊರಟವನು ಎಡವುತ್ತಾನೆ. ಹೇಗೆ ಎಂಬುದನ್ನು ಒಂದು ಪ್ರಸಿದ್ಧ ಉದಾಹರಣೆಯಿಂದ ನೋಡೋಣ.

ಜಪಾನಿನ ಹೋಂಡಾ ಸಂಸ್ಥೆಯು 1959ರಲ್ಲಿ ಅಮೆರಿಕದ ಮೋಟಾರ್‌ಸೈಕಲ್ ಮಾರುಕಟ್ಟೆಯನ್ನು ಪ್ರವೇಶಿಸಿತು. 1964ರ ವೇಳೆಗೆ ಅಲ್ಲಿ ಮಾರಾಟವಾಗುತ್ತಿದ್ದ ಪ್ರತಿ ಎರಡು ವಾಹನಗಳಲ್ಲಿ ಸುಮಾರು ಒಂದು ಹೋಂಡಾ ಆಗಿತ್ತು. ಬ್ರಿಟನ್ನಿನ ಹೆಸರಾಂತ ಕಾರ್ಖಾನೆಗಳು ಕ್ರಮೇಣ ಹಿಮ್ಮೆಟ್ಟಿದವು. ಸಾವಿರಾರು ಕುಟುಂಬಗಳ ಜೀವನೋಪಾಯವೇ ಅಪಾಯಕ್ಕೆ ಸಿಲುಕಿತು. ಹೀಗೇಕಾಯಿತು, ಇನ್ನು ಮಾಡಬಹುದಾದುದೇನು ಎಂದು ಬ್ರಿಟಿಷ್ ಸರ್ಕಾರವು ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆಯನ್ನು ಕೇಳಿತು. 1975ರಲ್ಲಿ ವರದಿ ಹೊರಬಂದಿತು.

ವರದಿಯ ವಿವರಣೆ ಲೆಕ್ಕಾಚಾರವನ್ನು ಅವಲಂಬಿಸಿತ್ತು. ಜಪಾನೀಯರು ಸ್ವದೇಶದಲ್ಲಿ ಚಿಕ್ಕ ವಾಹನಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿ, ತಲಾ ವೆಚ್ಚವನ್ನು ಇಳಿಸಿಕೊಂಡರು. ಆ ಬಲದಿಂದ ಹೊರನಾಡಿನಲ್ಲಿಯೂ ಗೆದ್ದರು ಎಂಬುದು ಅದರ ಸಾರ. ಈ ತತ್ತ್ವ ಸರಳವಾದುದು. ಯಂತ್ರೋಪಕರಣಗಳಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಸ್ಥಿರವೆಚ್ಚ ತಗಲುವುದೆಂದು ಭಾವಿಸೋಣ. 1,000 ವಾಹನಗಳನ್ನು ತಯಾರಿಸಿದರೆ ಪ್ರತಿಯೊಂದರ ಮೇಲೆ 1,000 ರೂಪಾಯಿಯ ಹೊರೆ ಬೀಳುತ್ತದೆ. 10,000 ತಯಾರಿಸಿದರೆ ಕೇವಲ 100 ರೂಪಾಯಿ.

ಕೆಲವು ವರ್ಷಗಳ ಅನಂತರ ರಿಚರ್ಡ್ ಪ್ಯಾಸ್ಕೇಲ್ ಎಂಬ ಅಮೆರಿಕದ ವಿದ್ವಾಂಸರು ಜಪಾನಿಗೆ ಹೋಗಿ, ಅಂದು ಅಮೆರಿಕಕ್ಕೆ ಬಂದಿದ್ದ ಹೋಂಡಾ ಅಧಿಕಾರಿಗಳನ್ನೇ ಕಂಡು ಮಾತನಾಡಿಸಿದರು. 1984ರಲ್ಲಿ ಅವರು ಪ್ರಕಟಿಸಿದ ಲೇಖನದ ಕಥೆಯೇ ಬೇರೆ. ಜಪಾನ್ ಸರ್ಕಾರವು ಹೋಂಡಾಕ್ಕೆ ಮಂಜೂರು ಮಾಡಿದ್ದು 2,50,000 ಡಾಲರ್. ಅದರಲ್ಲಿ ನಗದು 1,10,000 ಮಾತ್ರ. ಅಧಿಕಾರಿಗಳು ಲಾಸ್ ಏಂಜಲೀಸಿನಲ್ಲಿ ತಿಂಗಳಿಗೆ 80 ಡಾಲರ್ ಬಾಡಿಗೆಯ ಒಂದೇ ಮನೆಯಲ್ಲಿ ಕೂಡಿ ವಾಸಿಸಿದರು. ಅವರು ನೆಚ್ಚಿದ್ದುದು ದೊಡ್ಡ ವಾಹನಗಳನ್ನು. ಅಮೆರಿಕದ ದೀರ್ಘವಾದ ಹೆದ್ದಾರಿಗಳ ವೇಗದ ಓಟವನ್ನು ತಾಳಲಾರದೆ ಅವುಗಳಿಂದ ಎಣ್ಣೆ ಸೋರಿತು, ಕ್ಲಚ್ಚುಗಳು ಕೆಟ್ಟವು. ಆದರೆ ಅಧಿಕಾರಿಗಳು ಸ್ವಂತ ಓಡಾಟಕ್ಕೆ ಬಳಸುತ್ತಿದ್ದ 50 ಸಿಸಿಯ ಚಿಕ್ಕ ಸೂಪರ್ ಕಬ್ ವಾಹನವು ಜನರ ಕಣ್ಣಿಗೆ ಬಿದ್ದಿತು. ಬೇರೆ ದಾರಿ ಕಾಣದೆ ಅದನ್ನೇ ಮಾರಾಟಕ್ಕೆ ಇಟ್ಟರು, ಅದು ಗೆದ್ದಿತು.

ಇವೆರಡರಲ್ಲಿ ಸತ್ಯ ಯಾವುದು? ನಿರ್ವಹಣ ಶಾಲೆಗಳಲ್ಲಿ ಈ ಚರ್ಚೆ ಬಹುಕಾಲ ನಡೆದಿದೆ. ಅಂಕಿಗಳನ್ನು ಮಾತ್ರ ನೋಡಿದವನಿಗೆ ಸೋರಿದ ಎಣ್ಣೆ ಕಾಣಿಸುವುದಿಲ್ಲ. ಇಪ್ಪತ್ತು ವರ್ಷಗಳಾಚೆಯ ನೆನಪನ್ನು ಮಾತ್ರ ಕೇಳಿದವನು, ಚಿಕ್ಕ ವಾಹನವನ್ನು ಅಗ್ಗವಾಗಿ ಕೊಡಲು ಸಾಧ್ಯವಾದುದು ಸ್ವದೇಶದ ಭಾರಿ ತಯಾರಿಕೆಯಿಂದ ಎಂಬುದನ್ನು ಮರೆಯುತ್ತಾನೆ. ವರದಿಯ ಲೇಖಕರಲ್ಲಿ ಒಬ್ಬರಾದ ಮೈಕೇಲ್ ಗೂಲ್ಡ್ 1996ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹೋಂಡಾ ಹೇಗೆ ಈ ಸ್ಥಿತಿಗೆ ಬಂದಿತು ಎಂಬ ಚರಿತ್ರೆಯನ್ನು ಬರೆಯುವುದು ತಮ್ಮ ಕಾರ್ಯವಾಗಿರಲಿಲ್ಲ. ಬ್ರಿಟಿಷ್ ಉದ್ಯಮವು ಮುಂದೇನು ಮಾಡಬೇಕೆಂಬುದೇ ತಮ್ಮ ಪ್ರಶ್ನೆಯಾಗಿತ್ತು ಎಂಬುದು ಅದರ ಆಶಯ. ಪ್ರಶ್ನೆಗಳು ಬೇರೆಯಾದುದರಿಂದ ಉತ್ತರಗಳೂ ಬೇರೆಯಾದವು.

ಪ್ರಕರಣವನ್ನು ಎದುರಿಸುವ ವಿದ್ಯಾರ್ಥಿಗೂ ಉದ್ಯೋಗಾರ್ಥಿಗೂ ಇದರಿಂದ ಒಂದು ಕ್ರಮ ದೊರೆಯುತ್ತದೆ. ಮೊದಲು, ನಿರ್ಧರಿಸಬೇಕಾದವರು ಯಾರು, ನಿರ್ಧರಿಸಬೇಕಾದುದು ಏನು ಎಂಬುದನ್ನು ಒಂದು ವಾಕ್ಯದಲ್ಲಿ ಖಚಿತಪಡಿಸಿಕೊಳ್ಳಬೇಕು. ಸಂದೇಹವಿದ್ದರೆ ಸಂದರ್ಶಕನನ್ನು ಕೇಳಲು ಸಂಕೋಚಪಡಬಾರದು. ಎರಡನೆಯದಾಗಿ, ಕಂಡ ಸಂಗತಿಯನ್ನೂ ಅದರಿಂದ ಮಾಡಿದ ಅನುಮಾನವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ‘ಮಾರಾಟ ಕುಗ್ಗಿತು’ ಎಂಬುದು ಸಂಗತಿ. ‘ಬೆಲೆ ಹೆಚ್ಚಾದುದರಿಂದ ಕುಗ್ಗಿತು’ ಎಂಬುದು ಅನುಮಾನ. ಮೂರನೆಯದಾಗಿ, ಲೆಕ್ಕ ಹಾಕಬೇಕು. ಲಾಭ ಕುಸಿದಿದ್ದರೆ ಆದಾಯ ಇಳಿಯಿತೇ, ವೆಚ್ಚ ಏರಿತೇ ಎಂದು ವಿಂಗಡಿಸಬೇಕು. ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದುದು: ತನಗೆ ಒಪ್ಪಿಗೆಯಾದ ವಿವರಣೆಗೆ ಎದುರಾಗಿ ಮತ್ತೊಂದನ್ನು ತಾನೇ ಹೂಡಿ, ಯಾವ ಸಂಗತಿ ತಿಳಿದರೆ ಇವೆರಡರಲ್ಲಿ ಒಂದು ಬಿದ್ದುಹೋಗುವುದು ಎಂದು ಕೇಳಿಕೊಳ್ಳಬೇಕು.

ಇಷ್ಟಾದ ಮೇಲೆ ನಿರ್ಧಾರವನ್ನು ಹೇಳಲೇಬೇಕು. ಎಲ್ಲ ಸಂಗತಿಗಳೂ ತಿಳಿಯಲಿ ಎಂದು ಕಾಯುತ್ತ ಕುಳಿತವನ ಅಂಗಡಿ ಅಷ್ಟರಲ್ಲಿ ಮುಚ್ಚಿರುತ್ತದೆ. ಆದರೆ ತನ್ನ ನಿರ್ಧಾರವು ಯಾವ ಊಹೆಯ ಮೇಲೆ ನಿಂತಿದೆ ಎಂಬುದನ್ನು ಅದರೊಡನೆಯೇ ಹೇಳಿದವನು, ಆ ಊಹೆ ತಪ್ಪಿದಾಗ ಬೇಗನೆ ತಿದ್ದಿಕೊಳ್ಳಬಲ್ಲನು. ದೊಡ್ಡ ವಾಹನಗಳನ್ನು ನೆಚ್ಚಿ ಬಂದು, ಚಿಕ್ಕದನ್ನು ಮಾರಿದ ಆ ಅಧಿಕಾರಿಗಳು ಮಾಡಿದುದೂ ಇದನ್ನೇ.