ಹೇಳಿದ್ದು ಮತ್ತು ಕೇಳಿಸಿದ್ದು

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ 12 ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಅವರವರ ಊರಿನ ಆಡುಮಾತುಗಳನ್ನು ಸಂಗ್ರಹಿಸುವ ಕೆಲಸಕ್ಕೆ ಕೈಹಾಕಿದೆ. ಬೇಸಿಗೆಯ ರಜೆಗೆ ಊರಿಗೆ ಹೊರಟವರಿಗೆ ನಾನು ಕೊಟ್ಟ ಅಪ್ಪಣೆ ಇಷ್ಟೇ: “ವಿಶೇಷವಾದ ಪದಗಳು ಕಿವಿಗೆ ಬಿದ್ದರೆ ಬರೆದುಕೊಂಡು ಬನ್ನಿ.” ರಜೆ ಮುಗಿದ ಮೇಲೆ ಅವರು ತಂದ ಚೀಟಿಗಳನ್ನು ಹರಡಿಕೊಂಡು ನೋಡುತ್ತೇನೆ: ಹಗೇವು, ಮೇಟಿ, ಕೂರಿಗೆಗಳು ಮತ್ತೆ ಮತ್ತೆ ಬಂದಿವೆ, ‘ಹಿಡಿ’ ಎಂಬ ಕ್ರಿಯಾಪದ ಒಬ್ಬರ ಚೀಟಿಯಲ್ಲಿಯೂ ಇಲ್ಲ. ಮಳೆ ಹಿಡಿಯುತ್ತದೆ, ನೆಗಡಿ ಹಿಡಿಯುತ್ತದೆ, ಮಗು ಹಟ ಹಿಡಿಯುತ್ತದೆ, ಮುನಿದವನು ಬೇರೆ ದಾರಿ ಹಿಡಿಯುತ್ತಾನೆ. ಆಡುಮಾತಿನ ಜೀವವಿರುವುದೇ ಇಂಥ ಪದಗಳಲ್ಲಿ. ನಾನು ಸಿಡುಕಿದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸಾರ್, ವಿಶೇಷವಾದದ್ದನ್ನು ತನ್ನಿ ಅಂದವರು ನೀವೇ. ‘ಹಿಡಿ’ಯಲ್ಲಿ ವಿಶೇಷವೇನಿದೆ ಅಂತ ಬಿಟ್ಟೆವು” ಎಂದಳು. ಅವಳ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಆದರೂ ನಾನು ಉತ್ತರ ಕೊಡದೆ ಚೀಟಿಗಳನ್ನು ಕಟ್ಟಿಟ್ಟೆ. ಮರುವಾರ ಕೆಲಸಕ್ಕೆ ಬಂದವರು ಐದೇ ಮಂದಿ. ಅವಳು ಬರಲಿಲ್ಲ.

ಆ ದಿನಗಳಲ್ಲಿ ನನಗೆ ಒದಗಿಬಂದದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಥೆ. ಲಂಡನ್ನಿನ ಭಾಷಾಶಾಸ್ತ್ರ ಸಂಘದವರು 1857ರಲ್ಲಿ ಆರಂಭಿಸಿದ ಆಲೋಚನೆ ಅದು. ಪುಸ್ತಕಗಳನ್ನು ಓದಿ, ಪದಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದು ಕಳುಹಿಸಲು ಸಾಮಾನ್ಯ ಓದುಗರನ್ನೇ ಕರೆದರು. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ 1861ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಬಳಿಕ ಬಂದ ಫರ್ನಿವಾಲರ ಉತ್ಸಾಹಕ್ಕೆ ಮಿತಿಯಿರಲಿಲ್ಲ. ವ್ಯವಸ್ಥೆ ಮಾತ್ರ ಸಾಲದಾಗಿತ್ತು. 1879ರಲ್ಲಿ ಶಾಲಾ ಉಪಾಧ್ಯಾಯ ಜೇಮ್ಸ್ ಮರ್ರೆಯವರು ಹೊಣೆ ಹೊತ್ತಾಗ ಅವರ ಮನೆಗೆ ಬಂದಿಳಿದದ್ದು ಸುಮಾರು ಎರಡು ಟನ್ ತೂಕದ ಚೀಟಿಗಳ ರಾಶಿ. ಒಂದು ಚೀಲದಲ್ಲಿ ಸತ್ತ ಇಲಿಯಿತ್ತಂತೆ. ಕೆಲವು ಅಕ್ಷರಗಳ ಚೀಟಿಗಳು ಬಂದೇ ಇರಲಿಲ್ಲ. ಅವುಗಳಲ್ಲಿ ಒಂದು ಕಂತೆಯನ್ನು ಐರ್ಲೆಂಡಿನಲ್ಲಿ ಹುಡುಕಿ ತೆಗೆಯುವ ಹೊತ್ತಿಗೆ ಅದರ ಬಹುಭಾಗ ಒಲೆ ಹಚ್ಚುವುದಕ್ಕೆ ಬಳಕೆಯಾಗಿ ಹೋಗಿತ್ತು.

ಆದರೆ ನನ್ನನ್ನು ತಟ್ಟಿದ್ದು ಇಲಿಯೂ ಅಲ್ಲ, ಒಲೆಯೂ ಅಲ್ಲ. ಉಳಿದ ಚೀಟಿಗಳನ್ನು ವಿಂಗಡಿಸಿದಾಗ ‘ಅಬ್ಯೂಜನ್’ ಎಂಬ ಹಳೆಯ, ಬಳಕೆ ತಪ್ಪಿದ ಪದಕ್ಕೆ ಸುಮಾರು 50 ಉದಾಹರಣೆಗಳು ದೊರೆತವು; ದಿನನಿತ್ಯದ ‘ಅಬ್ಯೂಸ್’ ಎಂಬ ಪದಕ್ಕೆ 5 ಕೂಡ ಇರಲಿಲ್ಲ! ಅಪರೂಪದ್ದನ್ನು ಹುಡುಕಬೇಕೆಂದು ಓದುಗರು ತಿಳಿದಿದ್ದರು; ಅದನ್ನೇ ಹುಡುಕಿದರು. ದುಡಿದವರಲ್ಲಿ ಸೋಮಾರಿತನವಿರಲಿಲ್ಲ, ಅವರಿಗೆ ತಲುಪಿದ ಸೂಚನೆಯಲ್ಲಿಯೇ ಓರೆಯಿತ್ತು. ಈ ಭಾಗವನ್ನು ಓದಿ ನಾನು ಪುಸ್ತಕವನ್ನು ಮುಚ್ಚಿ ಕುಳಿತೆನೆಂಬುದನ್ನು ವಾಚಕರಲ್ಲಿ ಮುಚ್ಚಿಡಬೇಕಾದುದಿಲ್ಲ.

ಮರ್ರೆಯವರು ಮಾಡಿದ್ದೇನು? ಓದುಗರಿಗೆ ಹೊಸದೊಂದು ಮನವಿಯನ್ನು ಅಚ್ಚುಹಾಕಿಸಿ ಹಂಚಿದರು. ಅಪರೂಪದ ಪದಗಳ ಜೊತೆಗೆ ಸಾಮಾನ್ಯ ಪದಗಳಿಗೂ ಆದಷ್ಟು ಉದಾಹರಣೆಗಳು ಬೇಕೆಂದು ಬಿಡಿಸಿ ಹೇಳಿದರು. ಯಾವ ಪದಕ್ಕೆ ಆಧಾರ ಸಾಲದೋ ಅಂಥ ಪದಗಳ ಪಟ್ಟಿಗಳನ್ನು ಪ್ರಕಟಿಸಿದರು. ಸಂದೇಹ ಬಂದಲ್ಲೆಲ್ಲ ಪತ್ರ ಬರೆದರು. ದಿನಕ್ಕೆ ಮೂವತ್ತು ನಲವತ್ತು ಪತ್ರಗಳು ಅವರ ಕೈಯಿಂದ ಹೊರಡುತ್ತಿದ್ದುವು. ಅವರು ಆಕ್ಸ್‌ಫರ್ಡಿಗೆ ಬಂದು ನೆಲೆಸಿದ ಮೇಲೆ ಅಂಚೆ ಇಲಾಖೆಯವರು ಆ ಮನೆಯ ಮುಂದೆಯೇ ಒಂದು ಅಂಚೆ ಪೆಟ್ಟಿಗೆಯನ್ನು ನಿಲ್ಲಿಸಿದರು. ಆ ಬೃಹತ್ ತಂಡದ ಬಹುಪಾಲು ಜನರ ಮುಖವನ್ನು ಮರ್ರೆಯವರು ಕಂಡವರೇ ಅಲ್ಲ. ಕಾಗದದ ಎಳೆಯೊಂದೇ ಅವರನ್ನು ಕಟ್ಟಿಹಾಕಿತ್ತು.

ಆ ಎಳೆಯ ಬಲವನ್ನು ತಿಳಿಯಲು ಡಾಕ್ಟರ್ ವಿಲಿಯಂ ಮೈನರ್ ಅವರನ್ನು ನೆನೆದರೆ ಸಾಕು. ಅಮೆರಿಕದ ಸೈನ್ಯದಲ್ಲಿ ವೈದ್ಯರಾಗಿದ್ದ ಅವರು ಚಿತ್ತವಿಭ್ರಮೆಯಲ್ಲಿ ಲಂಡನ್ನಿನ ಒಬ್ಬ ಕೂಲಿಗಾರನನ್ನು ಕೊಂದು, 1872ರಿಂದ ಬ್ರಾಡ್‌ಮೂರ್ ಆಶ್ರಯಾಲಯದಲ್ಲಿ ಬಂಧಿಯಾಗಿದ್ದರು. ಕಂಡ ಕಂಡ ಪದಗಳನ್ನು ಕಳುಹಿಸಿ ರಾಶಿಯನ್ನು ಬೆಳೆಸಿದವರಲ್ಲ ಅವರು. ಸಂಪಾದಕರು ಈಗ ಯಾವ ಪದದ ಮೇಲೆ ಕೆಲಸ ಮಾಡುತ್ತಿದ್ದಾರೆಂದು ಕೇಳಿ ತಿಳಿದು, ಅದಕ್ಕೇ ಬೇಕಾದ ಪ್ರಯೋಗಗಳನ್ನು ತಮ್ಮ ಸೂಚಿಗಳಿಂದ ಆರಿಸಿ ಕಳುಹಿಸುತ್ತಿದ್ದರು. ಲೋಕವೇ ಕೈಬಿಟ್ಟ ಮನುಷ್ಯನೊಬ್ಬ ತನ್ನ ಕೋಣೆಯಿಂದ ಅಷ್ಟು ದೊಡ್ಡ ಕಾರ್ಯದಲ್ಲಿ ಪಾಲುಗಾರನಾಗುವುದು ಸಾಧ್ಯವಾದದ್ದು, ಅತ್ತ ಕಡೆ ಕೇಳಿದ್ದಕ್ಕೆ ಉತ್ತರ ಬರೆಯುವವರು ಇದ್ದುದರಿಂದ.

ಇನ್ನೊಂದು ಸಂಗತಿಯೂ ಉಂಟು. 1884ರಲ್ಲಿ ನಿಘಂಟಿನ ಮೊದಲ ಸಂಚಿಕೆ ಹೊರಬಂದಾಗ, ಹೆನ್ರಿ ಬ್ರಾಡ್ಲಿ ಎಂಬ, ಅಷ್ಟೇನೂ ಹೆಸರಿಲ್ಲದ ವಿಮರ್ಶಕರು ಮೆಚ್ಚುಗೆಯ ಜೊತೆಗೆ ಅದರ ಕುಂದುಗಳನ್ನೂ ಎತ್ತಿ ತೋರಿಸಿ ಲೇಖನ ಬರೆದರು. ಮರ್ರೆಯವರು ಮುನಿಯಲಿಲ್ಲ. ಆ ವಿಮರ್ಶಕರನ್ನೇ ಸಹಾಯಕ್ಕೆ ಕರೆದರು. ಮುಂದೆ ಬ್ರಾಡ್ಲಿ ಎರಡನೆಯ ಸಂಪಾದಕರಾದರು. ಮರ್ರೆಯವರು ಮೃದು ಸ್ವಭಾವದವರೇನಲ್ಲ, ಸಹಾಯಕರೊಡನೆ ಕಟ್ಟುನಿಟ್ಟಿನವರು. ಆದರೆ ತಪ್ಪನ್ನು ತೋರಿಸುವ ಬಾಯಿ ತಮ್ಮ ಕೆಲಸಕ್ಕೆ ಬೇಕಾದ ಬಾಯಿಯೆಂಬ ವಿವೇಕ ಅವರಲ್ಲಿತ್ತು. 1915ರಲ್ಲಿ, ಅಕ್ಷರಮಾಲೆ ಇನ್ನೂ ಮುಗಿಯದಿರುವಾಗಲೇ, ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಬ್ರಾಡ್ಲಿ, ಕ್ರೇಗಿ, ಆನಿಯನ್ಸ್ ಇವರ ಕೈಗಳಲ್ಲಿ ಸಾಗಿ, 1928ರಲ್ಲಿ, 4 ಲಕ್ಷಕ್ಕೂ ಮೀರಿದ ಪದಗಳೊಡನೆ ಪೂರ್ಣವಾಯಿತು. ಮುಂದಾಳು ಇಲ್ಲದಾಗಲೂ ನಡೆಯುವ ತಂಡವೇ ಗಟ್ಟಿಯಾದ ತಂಡ.

ಮುಂದಾಳುತನವೆಂದರೆ ಮಾತಿನ ಚಾತುರ್ಯವೆಂದು ನಾವು ಎಣಿಸುತ್ತೇವೆ. ವೇದಿಕೆಯ ಮೇಲೆ ಸೊಗಸಾಗಿ ಮಾತನಾಡಿದವನು ಜನರನ್ನು ಕೂಡಿಸಬಲ್ಲನು, ನಿಜ. ಕೂಡಿದವರನ್ನು ಉಳಿಸಿಕೊಳ್ಳಲು ಬೇಕಾದದ್ದು ಬೇರೆ. ತಾನು ಹೇಳಿದ್ದೇನು ಎಂಬುದಕ್ಕಿಂತ ಅವರಿಗೆ ಕೇಳಿಸಿದ್ದೇನು ಎಂದು ವಿಚಾರಿಸುವ ತಾಳ್ಮೆ ಬೇಕು. ಎರಡರ ನಡುವೆ ಅಂತರ ಕಂಡರೆ ಅದರ ಹೊಣೆ ಮೊದಲು ತನ್ನದೆಂದು ಒಪ್ಪುವ ಮನಸ್ಸು ಬೇಕು. “ಸ್ಪಷ್ಟವಾಗಿ ಹೇಳಿದ್ದೆನಲ್ಲ!” ಎಂದು ಗದರುವವನು ಮರುದಿನದಿಂದ ನಿಜವನ್ನು ಕೇಳುವ ಭಾಗ್ಯವನ್ನು ಕಳೆದುಕೊಳ್ಳುತ್ತಾನೆ.

ನಾನು ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. “ತಪ್ಪು ನನ್ನದಮ್ಮ. ಹೊಸ ಸೂಚನೆಯನ್ನು ನೀನೇ ಬರೆದುಕೊಡು” ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಮರುದಿನ ಒಂದು ಹಾಳೆಯನ್ನು ತಂದಳು. ಅದರ ಮೊದಲ ಸಾಲು: “ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಅಜ್ಜಿ ಆಡುವ ಮಾತೆಲ್ಲ ಬೇಕು.” ಅದನ್ನು ಎಲ್ಲರಿಗೂ ಓದಿ ಹೇಳಿ, ಅರ್ಥವಾದುದನ್ನು ಅವರವರ ಬಾಯಿಂದಲೇ ಕೇಳಿದೆವು. ಬಿಟ್ಟುಹೋದ ಏಳು ಮಂದಿಯಲ್ಲಿ ನಾಲ್ವರು ಮರಳಿ ಬಂದರು. ಮೂವರು ಬರಲೇ ಇಲ್ಲ. ಅವರ ಊರುಗಳ ಮಾತು ನಮ್ಮ ಸಂಗ್ರಹದಲ್ಲಿ ಇಂದಿಗೂ ಇಲ್ಲ.