ಪಲಾಶಿಯ ಈಜುಗಾರರು

1971ರ ಆಗಸ್ಟ್ 15ರ ನಡುರಾತ್ರಿ ಕಳೆದ ಮೇಲೆ, ಅಂದಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬಂದರಿನಲ್ಲಿ ಒಂದರ ಹಿಂದೊಂದು ಸ್ಫೋಟಗಳು ಕೇಳಿಬಂದವು. 'ಅಲ್ ಅಬ್ಬಾಸ್' ಮತ್ತು 'ಹೊರ್ಮುಜ್' ಎಂಬ ಹಡಗುಗಳ ಒಡಲು ನೀರಿನ ಕೆಳಗೆ ಬಿರಿಯಿತು. ಅದೇ ರಾತ್ರಿ ಮೊಂಗ್ಲಾ, ಚಾಂದ್‌ಪುರ ಹಾಗೂ ನಾರಾಯಣಗಂಜ್ ಬಂದರುಗಳಲ್ಲಿಯೂ ಹಡಗುಗಳು ಮುಳುಗಿದವು ಅಥವಾ ಜಖಂಗೊಂಡವು. ಆಕ್ರಮಣ ಮಾಡಿದವರು ವಿಮಾನದಲ್ಲಿ ಬಂದವರಲ್ಲ, ಯುದ್ಧನೌಕೆಯಲ್ಲಿ ಬಂದವರೂ ಅಲ್ಲ, ಈಜಿ ಬಂದವರು. ಅವರಲ್ಲಿ ಬಹುಮಂದಿ ಮೂರು ತಿಂಗಳ ಹಿಂದೆ ಯಾವ ಸೈನಿಕ ಶಿಕ್ಷಣವನ್ನೂ ಪಡೆಯದ ವಿದ್ಯಾರ್ಥಿಗಳು ಮತ್ತು ಗ್ರಾಮೀಣ ಯುವಕರಾಗಿದ್ದರು.

ಬಂದರುಗಳನ್ನೇ ಗುರಿಯಾಗಿ ಆರಿಸಿದುದಕ್ಕೆ ಭೌಗೋಳಿಕ ಕಾರಣವಿತ್ತು. ಪಾಕಿಸ್ತಾನದ ಎರಡು ಭಾಗಗಳ ನಡುವೆ ಭಾರತದ ವಿಶಾಲ ಭೂಪ್ರದೇಶವಿದ್ದಿತು. 1971ರ ಫೆಬ್ರವರಿಯಿಂದ ಪಾಕಿಸ್ತಾನದ ವಿಮಾನಗಳು ಭಾರತದ ಮೇಲೆ ಹಾರುವುದನ್ನು ನಿಷೇಧಿಸಲಾಗಿತ್ತು. ಅವು ಕೊಲಂಬೊ ಮಾರ್ಗವಾಗಿ ಸುತ್ತಿ ಬರಬೇಕಾಗುತ್ತಿತ್ತು. ಭಾರವಾದ ಸಾಮಗ್ರಿಯೆಲ್ಲ ಶ್ರೀಲಂಕೆಯನ್ನು ಬಳಸಿಕೊಂಡು ಹಡಗಿನಲ್ಲಿಯೇ ಬರುತ್ತಿತ್ತು. ಬಂದರು ತಲುಪಿದ ಸರಕು ಒಳನಾಡಿಗೆ ಸಾಗುತ್ತಿದ್ದುದೂ ಹೆಚ್ಚಾಗಿ ನದಿಗಳ ಮೂಲಕವೇ. ಈ ಜಲಮಾರ್ಗವನ್ನು ಕಡಿದರೆ ಅಲ್ಲಿನ ಸೈನ್ಯದ ಉಸಿರೇ ಕಟ್ಟುವುದೆಂಬುದು ಸ್ಪಷ್ಟವಾಗಿತ್ತು.

ಈ ದಳದ ಬೀಜ ಬಿದ್ದುದು ಫ್ರಾನ್ಸಿನಲ್ಲಿ. ತೂಲೋನ್ ಬಂದರಿನಲ್ಲಿದ್ದ ಪಾಕಿಸ್ತಾನದ 'ಮಾಂಗ್ರೊ' ಜಲಾಂತರ್ಗಾಮಿ ನೌಕೆಯ ಬಂಗಾಳಿ ನಾವಿಕರಲ್ಲಿ ಎಂಟು ಮಂದಿ, ಢಾಕಾದಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ತಿಳಿದು, ಮಾರ್ಚ್ ಕೊನೆಯಲ್ಲಿ ನೌಕೆಯನ್ನು ತೊರೆದು ಏಪ್ರಿಲ್‌ನಲ್ಲಿ ಭಾರತವನ್ನು ಸೇರಿದರು. ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಪಲಾಶಿಯ ಬಳಿ, ಭಾಗೀರಥಿಯ ದಂಡೆಯಲ್ಲಿ ಗುಪ್ತ ಶಿಬಿರವೊಂದು ತಲೆಯೆತ್ತಿತು. 1757ರಲ್ಲಿ ಬಂಗಾಳವು ಸ್ವಾತಂತ್ರ್ಯ ಕಳೆದುಕೊಂಡ ರಣಭೂಮಿಯೂ ಇದೇ ಪಲಾಶಿ. ಕಮಾಂಡರ್ ಎಂ. ಎನ್. ಸಾಮಂತ್ ಅವರು ಇಡೀ ಕಾರ್ಯವನ್ನು ಸಂಯೋಜಿಸಿದರು. ಲೆಫ್ಟಿನೆಂಟ್ ಕಮಾಂಡರ್ ಜಾರ್ಜ್ ಮಾರ್ಟಿಸ್ ಅವರು ತರಬೇತಿಯ ಹೊಣೆ ಹೊತ್ತರು. ಸುಮಾರು 500 ಮಂದಿ ಇಲ್ಲಿ ಸಿದ್ಧರಾದರು.

ಶಿಬಿರಕ್ಕೆ ಸೇರಿದವನು ಮೊದಲು ಮಾಡಬೇಕಾದುದು ಒಂದು ಪತ್ರಕ್ಕೆ ಸಹಿ ಹಾಕುವುದು: ತಾನು ಸತ್ತರೆ ಅದಕ್ಕೆ ಯಾರೂ ಹೊಣೆಯಲ್ಲ ಎಂದು. ಬಳಿಕ ದಿನಕ್ಕೆ ಹಲವು ಗಂಟೆಗಳ ಕಾಲ ನದಿಯಲ್ಲಿ ಈಜು. ಹೆಗಲವಸ್ತ್ರವಾದ ಗಮಚಾದಲ್ಲಿ ಇಟ್ಟಿಗೆ ಕಟ್ಟಿಕೊಂಡು, ಮೂಗು ಮಾತ್ರ ನೀರಿನ ಮೇಲಿರುವಂತೆ ಅಂಗಾತ ಈಜುವುದನ್ನು ಕಲಿಸಲಾಯಿತು. ಉಸಿರಾಟದ ಯಂತ್ರಗಳಿರಲಿಲ್ಲ. ಕಾಲಿಗೆ ರಬ್ಬರಿನ ಈಜುರೆಕ್ಕೆ, ಸೊಂಟಕ್ಕೆ ಚೂರಿ, ಎದೆಗೆ ಕಟ್ಟಿದ ಸುಮಾರು 5 ಕಿಲೋ ತೂಕದ ಲಿಂಪೆಟ್ ಸಿಡಿಗುಂಡು, ಇಷ್ಟೇ ಸಲಕರಣೆ.

ಬಂಡೆಗೆ ಕಚ್ಚಿಕೊಳ್ಳುವ ಒಂದು ಚಿಪ್ಪುಜೀವಿಯ ಹೆಸರೇ ಈ ಸಿಡಿಗುಂಡಿಗೆ ಬಂದಿದೆ. ಇದು ಅಯಸ್ಕಾಂತದ ಬಲದಿಂದ ಹಡಗಿನ ಉಕ್ಕಿನ ಒಡಲಿಗೆ ಅಂಟಿಕೊಳ್ಳುತ್ತದೆ. ಆದರೆ ನೀರಿನಲ್ಲಿ ಬಹುಕಾಲವಿದ್ದ ಹಡಗಿನ ಮೈಮೇಲೆ ಚಿಪ್ಪು, ಪಾಚಿ ಬೆಳೆದಿರುತ್ತವೆ. ಆದುದರಿಂದ ಉಸಿರು ಬಿಗಿಹಿಡಿದು ಮುಳುಗಿ, ಚೂರಿಯಿಂದ ಅವನ್ನು ಕೆರೆದು ತೆಗೆದ ನಂತರವೇ ಗುಂಡನ್ನು ಅಂಟಿಸಬೇಕಾಗುತ್ತಿತ್ತು. ಸ್ಫೋಟವನ್ನು ತಡಮಾಡಿಸಲು ನೀರಿನಲ್ಲಿ ಕರಗುವ ಒಂದು ಬಿರಡೆ ಇದ್ದಿತು. ದೂರ ಈಜುವಾಗ ದಾರಿಯಲ್ಲೇ ಅದು ಕರಗಿಹೋಗದಂತೆ ಗರ್ಭನಿರೋಧಕ ರಬ್ಬರ್ ಚೀಲವನ್ನು ಹೊದಿಸಲಾಯಿತು. ಸೈನ್ಯದ ಉಗ್ರಾಣದಿಂದ ಇಂತಹ ವಸ್ತುವನ್ನು ಕೋರಿದ ಬೇಡಿಕೆ ಹುಬ್ಬೇರಿಸುವಂತಹುದೇ, ಉಪಾಯವಂತೂ ಫಲಿಸಿತು.

ದಾಳಿಯ ಸಂಕೇತ ಆಕಾಶವಾಣಿಯಿಂದ ಬರಬೇಕಾಗಿತ್ತು. ಪಂಕಜ್ ಮಲ್ಲಿಕ್ ಹಾಡಿದ ಒಂದು ಗೀತೆ ಪ್ರಸಾರವಾದರೆ ಸಿದ್ಧರಾಗಬೇಕು. ಸಂಧ್ಯಾ ಮುಖರ್ಜಿ ಹಾಡಿದ ಇನ್ನೊಂದು ಕೇಳಿಬಂದರೆ ಹೊರಡಬೇಕು. ಈ ಗುಟ್ಟು ದಳನಾಯಕರಿಗೆ ಮಾತ್ರ ತಿಳಿದಿತ್ತು. ರೇಡಿಯೊದ ಮುಂದೆ ಕುಳಿತ ಇತರ ಲಕ್ಷಾಂತರ ಶ್ರೋತೃಗಳಿಗೆ ಅವು ಬರಿಯ ಹಾಡುಗಳು.

ಚಿತ್ತಗಾಂಗ್‌ಗೆ ನಿಯೋಜಿತರಾದವರು 60 ಮಂದಿ. 'ಮಾಂಗ್ರೊ'ದಿಂದ ಬಂದ ಅಬ್ದುಲ್ ವಾಹೆದ್ ಚೌಧುರಿ ಅವರ ನಾಯಕ. 20 ಜನರ ಒಂದು ತಂಡ ಸಕಾಲಕ್ಕೆ ತಲುಪಲಿಲ್ಲ. ಕೊನೆಗೆ ಕರ್ಣಫೂಲಿ ನದಿಗೆ ಇಳಿದವರು 31 ಮಂದಿ. ಬಂದರಿನ ದೀಪಗಳ ಬೆಳಕಿನಲ್ಲಿ, ಕಾವಲುಗಾರರ ಕಣ್ಣೆದುರಿನಲ್ಲಿಯೇ ಅವರು ಹಡಗುಗಳನ್ನು ಮುಟ್ಟಿ, ಗುಂಡುಗಳನ್ನು ಅಂಟಿಸಿ ಹಿಂತಿರುಗಿದರು. ಸುಮಾರು 1 ಗಂಟೆ 40 ನಿಮಿಷಕ್ಕೆ ಮೊದಲ ಸ್ಫೋಟವಾಯಿತು.

ಮುಂದಿನ ತಿಂಗಳುಗಳಲ್ಲಿಯೂ ಇಂತಹ ದಾಳಿಗಳು ನಡೆದವು. ಕೆಲವರು ಪ್ರಾಣ ತೆತ್ತರು, ಕೆಲವರು ಸೆರೆಸಿಕ್ಕು ಚಿತ್ರಹಿಂಸೆಗೆ ಗುರಿಯಾದರು. ಡಿಸೆಂಬರ್ 3ರಂದು ಭಾರತ-ಪಾಕಿಸ್ತಾನ ಯುದ್ಧ ಆರಂಭವಾಗುವ ವೇಳೆಗೆ ಈ ಬಂದರುಗಳ ವ್ಯವಹಾರ ಬಹಳಷ್ಟು ಅಸ್ತವ್ಯಸ್ತಗೊಂಡಿತ್ತು. ಡಿಸೆಂಬರ್‌ನಲ್ಲಿ 'ಪದ್ಮಾ', 'ಪಲಾಶ್' ಗನ್‌ಬೋಟುಗಳೊಂದಿಗೆ ಮೊಂಗ್ಲಾ, ಖುಲ್ನಾಗಳತ್ತ ನಡೆದ ಕಾರ್ಯಾಚರಣೆಯನ್ನು ಸಾಮಂತ್ ಅವರೇ ಮುನ್ನಡೆಸಿದರು. ಅವರಿಗೆ ಮಹಾವೀರ ಚಕ್ರ ಸಂದಿತು. ಚೌಧುರಿಯವರಿಗೆ ಬಾಂಗ್ಲಾದೇಶವು ವೀರೋತ್ತಮ ಪದವಿಯನ್ನಿತ್ತಿತು. ಪಲಾಶಿಯಲ್ಲಿ ತರಬೇತಿ ನೀಡಿದ ಭಾರತೀಯ ಮುಳುಗುಗಾರರ ಕಾರ್ಯವು ಮಾತ್ರ ದಶಕಗಳ ಕಾಲ ಗೋಪ್ಯವಾಗಿಯೇ ಉಳಿಯಿತು. ಭಾರತೀಯ ನೌಕಾಪಡೆಯು ತನ್ನದೇ ಆದ ಕಮಾಂಡೊ ದಳವನ್ನು ಸ್ಥಾಪಿಸಿದುದು 1987ರಲ್ಲಿ.